ಒಳಜಾಲ ಯಾರಿಗಾಗಿ?

ವಿದ್ಯೆಯು ಹಂಚಿದಷ್ಟೂ ಹೆಚ್ಚುವ ಧನವೆಂದು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಈ ಮಾತನ್ನೇ ನಂಬಿ ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಮಾತ್ರ ತೆರೆಯುವ ಜಾಲಗಳನ್ನು ಕಟ್ಟಿಕೊಂಡಿವೆ. ಇಂಟ್ರಾನೆಟ್ ಎಂದು ಅದರ ಹೆಸರು. ಒಬ್ಬನು ಕಷ್ಟಪಟ್ಟು ಬಿಡಿಸಿದ ತೊಡಕನ್ನು ಅಲ್ಲಿ ಬರೆದಿಟ್ಟರೆ ಇನ್ನೊಬ್ಬನು ಮತ್ತೆ ತಿಣುಕಬೇಕಾಗಿಲ್ಲ. ಉದ್ದೇಶವೇನೋ ಸ್ತುತ್ಯವೇ. ಆದರೆ ಜಾಲವಿದ್ದ ಮಾತ್ರಕ್ಕೆ ಹೊಸ ತಿಳಿವು ಹುಟ್ಟುವುದೆಂಬುದನ್ನು ನಾನು ಒಪ್ಪಲಾರೆ.

ನಮ್ಮ ನಗರದ ದಕ್ಷಿಣದ ತುದಿಯಲ್ಲಿರುವ ಇನ್ಫೋಸಿಸ್ ಸಂಸ್ಥೆಯನ್ನೇ ನೋಡಿ. ಅನುಭವಗಳನ್ನು ಬರೆದಿಡುವ ಪದ್ಧತಿ ಅಲ್ಲಿ 1992ರಲ್ಲಿಯೇ ಆರಂಭವಾಯಿತು; 1996ರಲ್ಲಿ ‘ಸ್ಪರ್ಶ್’ ಎಂಬ ಒಳಜಾಲ ಬಂದಿತು; ಮುಂದೆ ‘ಕೆ-ಶಾಪ್’ ಎಂಬ ಜ್ಞಾನದ ಅಂಗಡಿಯೂ ತೆರೆಯಿತು. ಅಂಗಡಿಗೆ ಸರಕು ಹೆಚ್ಚಲೆಂದು 2001ರಲ್ಲಿ ಬರೆದವರಿಗೂ ಪರಿಶೀಲಿಸಿದವರಿಗೂ ಅಂಕ ಕೊಡತೊಡಗಿದರು. ಅಂಕಕ್ಕೆ ಬಹುಮಾನವುಂಟು! ಬರಹಗಳ ಪ್ರವಾಹವೇ ಹರಿಯಿತು. ಪರಿಶೀಲಕರಿಗೆ ಬಿಡುವಿಲ್ಲ, ಕಾಳು ಯಾವುದು, ಜೊಳ್ಳು ಯಾವುದು ಎಂದು ಹುಡುಕುವವರಿಗೆ ತಿಳಿಯದು. ಮರುವರ್ಷವೇ ನಿಯಮವನ್ನು ತಿದ್ದಿ, ಓದಿ ಉಪಯೋಗ ಪಡೆದವರ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಟ್ಟರು. (ಅಂಕಕ್ಕಾಗಿ ಹಾಳೆ ತುಂಬಿಸುವ ವಿದ್ಯೆ ನಮಗೂ ಹೊಸತಲ್ಲ, ಉತ್ತರಪತ್ರಿಕೆ ತಿದ್ದುವ ನಮ್ಮ ಉಪನ್ಯಾಸಕರು ಬಲ್ಲರು.)

ಇದು ಬರೆಯಬಲ್ಲ ತಿಳಿವಿನ ಮಾತಾಯಿತು. ಕೈಯಲ್ಲಿದ್ದು ಬಾಯಿಗೆ ಬಾರದ ತಿಳಿವೂ ಒಂದುಂಟು. 1980ರ ದಶಕದಲ್ಲಿ ಜಪಾನಿನ ಮತ್ಸುಶಿತ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರವನ್ನು ರೂಪಿಸುತ್ತಿದ್ದಾಗ ಹಿಟ್ಟು ಹದಕ್ಕೆ ಬರಲೊಲ್ಲದು. ಇಕುಕೊ ತನಾಕಾ ಎಂಬಾಕೆ ಒಸಾಕಾದ ಹೋಟೆಲೊಂದರ ಬ್ರೆಡ್ ತಯಾರಕರ ಬಳಿ ಕಲಿಯಲು ನಿಂತರು. ಅವರು ಹಿಟ್ಟನ್ನು ಎಳೆಯುತ್ತಲೇ ತಿರುಚುವುದನ್ನು ಕಂಡುಕೊಂಡ ಮೇಲೆ ಯಂತ್ರಕ್ಕೂ ದಾರಿ ಸಿಕ್ಕಿತು. ಈ ಪ್ರಸಂಗವನ್ನು ಪ್ರಸಿದ್ಧಗೊಳಿಸಿದವರು ವಿದ್ವಾಂಸರಾದ ಇಕುಜಿರೊ ನೊನಾಕಾ.

ಒಸಾಕಾದವರೆಗೆ ಹೋಗಬೇಕಾಗಿಯೂ ಇಲ್ಲ. ನನ್ನ ತಂದೆಯವರು ಯಶವಂತಪುರದ ಸಮೀಪದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಾರೆ. ಅವರ ಓದು ಏಳನೆಯ ತರಗತಿಗೇ ನಿಂತಿತು. ಸದ್ದು ಬದಲಾದರೆ ಟೂಲು ಮೊಂಡಾಯಿತೆಂದು ನೋಡದೆಯೇ ಹೇಳುತ್ತಾರೆ. ಅಲ್ಲಿಯೂ ಒಳಜಾಲವಿದೆ. ಅದರ ಪಾಸ್‌ವರ್ಡು ಆಫೀಸಿನವರಿಗುಂಟು, ಲೇತಿನ ಮುಂದೆ ನಿಂತವರಿಗಿಲ್ಲ. ಕೊಟ್ಟರೂ ಒಳಗಿರುವುದೆಲ್ಲ ಇಂಗ್ಲಿಷು. ಮೂವತ್ತು ವರ್ಷದ ತಿಳಿವು ಅವರ ನಿವೃತ್ತಿಯ ದಿನ ಅವರ ಜೊತೆಗೇ ಗೇಟು ದಾಟುತ್ತದೆ.

ಬರವಣಿಗೆ ಒಗ್ಗದಿದ್ದರೇನು? ಆ ಸದ್ದನ್ನೂ ಜೊತೆಗೆ ನಾಲ್ಕು ಕನ್ನಡದ ಮಾತನ್ನೂ ಇಂದು ಫೋನಿನಲ್ಲಿಯೇ ಹಿಡಿದು ಜಾಲಕ್ಕೆ ಸೇರಿಸಬಹುದು. ಹೊಸ ಹುಡುಗನು ಅದನ್ನು ಕೇಳಿ, ಆಮೇಲೆ ಒಂದು ವಾರ ಅವರ ಪಕ್ಕದಲ್ಲಿ ನಿಲ್ಲಲಿ. ಈ ವರ್ಷ ನಮ್ಮಲ್ಲಿ ಕೆಲವರಾದರೂ ಹೆಬ್ಬಾಳದ ಕಡೆಯ ಕಚೇರಿಗಳಲ್ಲಿ ಇಂಥ ಜಾಲದ ಮುಂದೆ ಕೂರುವರು. ಪಾಸ್‌ವರ್ಡು ಯಾರಿಗೆ ಕೊಟ್ಟಿಲ್ಲವೆಂದು ಮೊದಲ ವಾರದಲ್ಲಿಯೇ ವಿಚಾರಿಸಬೇಕೆಂದು ಆ ಮಿತ್ರರನ್ನು ಕೇಳಿಕೊಳ್ಳುತ್ತೇನೆ.