ಕೈ ಕಂಡರೆ ಸಾಲದು, ಕಸುಬು ಕಾಣಬೇಕು
ಕುಶಲಕರ್ಮಿಗಳ ಫೋಟೊ ಎಂದೊಡನೆ ನೆನಪಾಗುವುದು ಸುಕ್ಕುಗಟ್ಟಿದ ಮುಖ, ಕಿಟಕಿಯಿಂದ ಓರೆಯಾಗಿ ಬಿದ್ದ ಬೆಳಕು. ಚಿತ್ರವೇನೋ ಚೆಂದ; ಆದರೆ ಅದರಲ್ಲಿ ಬಡತನ ಕಾಣುತ್ತದೆ, ಬುದ್ಧಿ ಕಾಣುವುದಿಲ್ಲ. ಬೀದರಿನ ಬಿದರಿ ಕೆಲಸವನ್ನೇ ನೋಡಿ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಗೆ ಮೊದಲು ಮೈಲುತುತ್ತದ ನೀರು ಸವರುತ್ತಾರೆ. ಹಾಗೆ ಕಪ್ಪಾದ ಮೈಮೇಲೆ ಚೂಪು ಮೊನೆಯಿಂದ ಬಳ್ಳಿ ಬರೆದು, ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಉಜ್ಜಿ ನಯಗೊಳಿಸಿದ ಮೇಲೆ, ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಪಾತ್ರೆಗೆ ತಿಕ್ಕಿದರೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆದೀತೆಂದು ನಾಲಿಗೆಗೆ ಹಚ್ಚಿ ಹೇಳಬಲ್ಲವರಿದ್ದಾರೆ. ಇಷ್ಟೆಲ್ಲ ವಿವೇಚನೆ ಒಂದು ಭಾವಪೂರ್ಣ ಮುಖಚಿತ್ರಕ್ಕೆ ದಕ್ಕದು. ಹಂತಹಂತವಾಗಿ ತೆಗೆದ ಹತ್ತು ಚಿತ್ರಗಳು, ಅವುಗಳ ಅಡಿಯಲ್ಲಿ ಉಪಕರಣದ ಹೆಸರು, ಒಪ್ಪಿದರೆ ಕಸುಬುದಾರರ ಹೆಸರೂ ಇದ್ದರೆ ದಕ್ಕೀತು. ಎಲ್ಲವನ್ನೂ ತೋರಿಸಿದರೆ ನಕಲು ಮಾಡುವವರಿಗೆ ದಾರಿ ಬಿಟ್ಟುಕೊಟ್ಟಂತಲ್ಲವೇ ಎಂಬ ಆಕ್ಷೇಪವುಂಟು. ವಿಧಾನವನ್ನು ನೋಡಿ ತಿಳಿಯಬಹುದು, ಕೈ ಪಳಗಲು ವರ್ಷಗಳೇ ಬೇಕು. ಫೋಟೊ ಕದ್ದವನಿಗೆ ಕೈ ಸಿಗುವುದಿಲ್ಲ. ಫೋಟೊದಿಂದ ಹೊಟ್ಟೆ ತುಂಬುವುದೇ ಎಂದು ಕೇಳುವುದೂ ನ್ಯಾಯವೇ. ನೇರವಾಗಿ ತುಂಬದು. ಆದರೆ ಗ್ರಾಹಕರು ಚೌಕಾಸಿಗೆ ಇಳಿಯುವುದು ಬಹಳ ಸಲ ಜಿಪುಣತನದಿಂದಲ್ಲ, ಒಂದು ಹೂದಾನಿಯೊಳಗೆ ಎಷ್ಟು ದಿನದ ದುಡಿಮೆ ಅಡಗಿದೆಯೆಂದು ತಿಳಿಯದೆ. ಆ ದಿನಗಳನ್ನು ಎಣಿಸಿ ತೋರಿಸುವುದೇ ಕ್ಯಾಮೆರಾ ಮಾಡಬಹುದಾದ ಉಪಕಾರ, ಮರುಕ ಹುಟ್ಟಿಸುವುದಲ್ಲ.