ಫೀಸು ಕಮ್ಮಿ, ಪಿಎಚ್.ಡಿ. ದುಬಾರಿ

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಲ್ಲಿ ಮಗಳು ಎಂ.ಎಸ್ಸಿ. ಮುಗಿಸಿ, ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್.ಡಿ. ಮಾಡ್ತೀನಿ ಅಂದರೆ ಅಪ್ಪ ಕೇಳುವ ಮೊದಲ ಮಾತು, “ಫೀಸು ಎಷ್ಟವ್ವ?” ಎರಡನೆಯದು, “ತೊಳಹುಣಸೆ ಯೂನಿವರ್ಸಿಟಿ ಹತ್ರ ಐತಲ್ಲ, ಸರ್ಕಾರದ್ದು, ಅಲ್ಲೇ ಸೇರ್ಕೊ.” ಅಡಿಕೆ ದರ ಏರಿಳಿಯುವುದನ್ನು ನೋಡುತ್ತಾ ಸಂಸಾರ ತೂಗಿಸಿದ ಮನುಷ್ಯ ಹಾಗೆ ಕೇಳುವುದು ಸಹಜ. ಆದರೆ ಲೆಕ್ಕ ತಪ್ಪು. ಪದವಿ ಓದಿಗೆ ನಾವು ಎಷ್ಟು ಕಟ್ಟಬೇಕು ಎಂದು ಕೇಳುತ್ತೇವೆ. ಪಿಎಚ್.ಡಿ.ಗೆ ಕೇಳಬೇಕಾದ್ದು, ಅವರು ತಿಂಗಳಿಗೆ ಎಷ್ಟು ಕೊಡುತ್ತಾರೆ ಎಂದು.

ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಐದು ವರ್ಷಕ್ಕೆ ಕೂಡಿದರೆ ಸರಿಯಾಗಿ 24 ಲಕ್ಷ, ಮನೆ ಬಾಡಿಗೆ ಭತ್ಯೆ ಬೇರೆ. ಅದೇ ಪ್ರಯೋಗಾಲಯದಲ್ಲಿ, ಪಕ್ಕದ ಮೇಜಿನಲ್ಲಿ, ಅದೇ ಗೈಡ್ ಕೈಕೆಳಗೆ ಫೆಲೋಶಿಪ್ ಇಲ್ಲದೆ ದುಡಿಯುವವಳಿಗೆ ಸೊನ್ನೆ. ವರ್ಷಕ್ಕೆ ಕೆಲವು ಸಾವಿರ ಫೀಸು ಉಳಿಸಲು ಹೋಗಿ 24 ಲಕ್ಷ ಬಿಟ್ಟುಕೊಡುವುದಕ್ಕೆ ನಮ್ಮಲ್ಲಿ ‘ಕೈಗೆಟುಕುವ ಶಿಕ್ಷಣ’ ಎನ್ನುತ್ತಾರೆ.

ಇತಿಹಾಸ, ಸಾಹಿತ್ಯದಲ್ಲಿ ಸಂಶೋಧನೆ ಮಾಡುವವರು ಅತಿಥಿ ಉಪನ್ಯಾಸಕರಾಗಿ ದುಡಿದು, ರಾತ್ರಿ ಕುಳಿತು ಬರೆಯುತ್ತಾರೆ. ಅದೂ ಕಷ್ಟವೇ, ಆದರೂ ಒಂದು ದಾರಿ ಇದೆ. ನಮ್ಮ ಮಾಲಿಕ್ಯುಲರ್ ಬಯಾಲಜಿಯಲ್ಲಿ ಅದೂ ಇಲ್ಲ. ಬೆಳೆಯಲು ಬಿಟ್ಟ ಬ್ಯಾಕ್ಟೀರಿಯಾ ಭಾನುವಾರ ನೋಡುವುದಿಲ್ಲ. ಡಿಎನ್‌ಎ ತೆಗೆದು, ಪಿಸಿಆರ್ ಹಾಕಿ, ಜೆಲ್ ಓಡಿಸಿ, ಪಟ್ಟೆ ಬಾರದಿದ್ದರೆ ಮತ್ತೆ ಮೊದಲಿನಿಂದ. ಕರೆಂಟು ಹೋಗಿ ಫ್ರೀಜರ್ ಬಿಸಿಯಾದರೆ ತಿಂಗಳುಗಟ್ಟಲೆಯ ಮಾದರಿಗಳು ನೀರುಪಾಲು. ಪೂರ್ಣಾವಧಿ ದುಡಿಮೆ ಬೇಡುವ ಕೆಲಸಕ್ಕೆ ಪೂರ್ಣಾವಧಿ ಕೂಲಿ ಕೊಡದಿದ್ದರೆ ಅದು ಬಿಟ್ಟಿ ಚಾಕರಿ. ಬೇರೆ ಹೆಸರು ನನಗೆ ಹೊಳೆಯುತ್ತಿಲ್ಲ.

ಈ ಬಿಟ್ಟಿ ಚಾಕರಿಯ ಬಾಗಿಲನ್ನು 2024ರಲ್ಲಿ ಇನ್ನಷ್ಟು ಅಗಲ ಮಾಡಲಾಯಿತು. ನೆಟ್ ಅಂಕದ ಮೇಲೆಯೇ ಪಿಎಚ್.ಡಿ. ಪ್ರವೇಶ ಎಂದ ಯುಜಿಸಿ, ಉತ್ತೀರ್ಣರನ್ನು ಮೂರು ಗುಂಪು ಮಾಡಿತು. ಮೊದಲ ಗುಂಪಿಗೆ ಜೆಆರ್‌ಎಫ್. ಎರಡನೆಯದಕ್ಕೆ ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್.ಡಿ. ಪ್ರವೇಶ. ಮೂರನೆಯದಕ್ಕೆ ಬರೀ ಪ್ರವೇಶ. ಸೇರುವ ಅರ್ಹತೆ ಇದೆ, ಬದುಕುವ ದುಡ್ಡಿಲ್ಲ. ಆ ಅಂಕವೂ ಒಂದೇ ವರ್ಷ ಊರ್ಜಿತ. ಹತ್ತಾರು ಪ್ರವೇಶ ಪರೀಕ್ಷೆ ಬರೆಯುವ ಕಾಟ ತಪ್ಪಿತು ಎಂದರು. ನಿಜ ಇರಬಹುದು. ಆದರೆ ಅದೇ ವರ್ಷದ ಜೂನ್‌ನಲ್ಲಿ ಯುಜಿಸಿ-ನೆಟ್ ಬರೆದ ಮರುದಿನವೇ ರದ್ದಾಯಿತು, ಬೆನ್ನಿಗೇ ಸಿಎಸ್‌ಐಆರ್ ನೆಟ್ ಮುಂದೂಡಿದರು. ಪ್ರಶ್ನೆಪತ್ರಿಕೆ ಇಂದಿಗೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಶಾಲೆ ಓದಿದವಳು ಎರಡು ಪರೀಕ್ಷೆ ಒಟ್ಟಿಗೆ ಬರೆದ ಹಾಗೆ.

ಇನ್ನೊಂದು ಅನ್ಯಾಯದ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರೂ ದನಿ ಎತ್ತಿದ್ದು ಕಾಣೆ. 2009ರಲ್ಲಿ ತೊಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿತು. ಅದೇ ವರ್ಷ ಕಲಬುರಗಿಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ, ಕಾಸರಗೋಡಿನಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೂ ಹುಟ್ಟಿದವು. ಕಾಸರಗೋಡಿನ ಪೆರಿಯದಲ್ಲಿ ಬಯೋಕೆಮಿಸ್ಟ್ರಿ ಮತ್ತು ಮಾಲಿಕ್ಯುಲರ್ ಬಯಾಲಜಿ ವಿಭಾಗವೇ ಇದೆ. ಅಲ್ಲಿ ಜೆಆರ್‌ಎಫ್ ಇಲ್ಲದವರಿಗೂ ಯುಜಿಸಿಯ ‘ನಾನ್-ನೆಟ್’ ಫೆಲೋಶಿಪ್ ಉಂಟು: ತಿಂಗಳಿಗೆ 8,000. ತೊಳಹುಣಸೆಗೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ, ಮೈಸೂರಿನ ಮಾನಸಗಂಗೋತ್ರಿಗೆ ಅದು ಇಲ್ಲ, ಏಕೆಂದರೆ ಇವು ರಾಜ್ಯದ ವಿಶ್ವವಿದ್ಯಾಲಯಗಳು. ದೇಶದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಓದುವುದು ಇಂಥ ಕಡೆಯೇ. ಆ 8,000 ರೂಪಾಯಿಯೂ ದಶಕ ಕಳೆದರೂ ಏರಿಲ್ಲ ಎನ್ನುವುದು ಬೇರೆ ಮಾತು. 2015ರಲ್ಲಿ ಅದನ್ನೂ ನಿಲ್ಲಿಸಲು ಹೊರಟಾಗ ದೆಹಲಿಯ ವಿದ್ಯಾರ್ಥಿಗಳು ಯುಜಿಸಿ ಕಚೇರಿಯ ಮುಂದೆ ಬೀಡುಬಿಟ್ಟರು. ಉಳಿಯಿತು, ಅಷ್ಟೇ.

ದೆಹಲಿಯನ್ನು ಬೈದು ಬೆಂಗಳೂರನ್ನು ಬಿಡುವಂತಿಲ್ಲ. ಬೊಮ್ಮಾಯಿ ಸರ್ಕಾರದ ಕಾಲದಲ್ಲಿ ಅಲ್ಪಸಂಖ್ಯಾತ ಸಂಶೋಧಕರ ರಾಜ್ಯ ಫೆಲೋಶಿಪ್ಪನ್ನು ತಿಂಗಳಿಗೆ 25,000ದಿಂದ 8,333ಕ್ಕೆ ಇಳಿಸಿದರು. ಆಗಲೇ ಅರ್ಧ ದಾರಿ ಸಾಗಿದ್ದವರ ಗತಿ ಏನು ಎಂದು ಯಾರೂ ಯೋಚಿಸಲಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರವು ಅಲ್ಪಸಂಖ್ಯಾತ ಸಂಶೋಧಕರಿಗೇ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನೇ ಕೈಬಿಟ್ಟಿತು. ಫೆಲೋಶಿಪ್ ಎಂದರೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದಾದ ದಾನ ಎಂಬ ಭಾವನೆ ಎರಡೂ ಕಡೆ ಇದೆ.

‘ಎಲ್ಲರಿಗೂ ದುಡ್ಡು ಕೊಟ್ಟರೆ ಕಟ್ ಅಂಡ್ ಪೇಸ್ಟ್ ಪ್ರಬಂಧಗಳು ಇನ್ನೂ ಹೆಚ್ಚುತ್ತವೆ’ ಎಂದು ಮೂಗು ಮುರಿಯುವವರು ವಿಶ್ವವಿದ್ಯಾಲಯಗಳ ಒಳಗೇ ಇದ್ದಾರೆ. ಕಳಪೆ ಪ್ರಬಂಧಗಳು ಈಗಲೂ ಬರುತ್ತಿವೆಯಲ್ಲ, ದುಡ್ಡು ಕೊಟ್ಟೇ? ಒಬ್ಬ ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ವಿದ್ಯಾರ್ಥಿಗಳು ಎಂಬ ಮಿತಿ 2022ರ ನಿಯಮದಲ್ಲೇ ಇದೆ. ಸೀಟು ಕಮ್ಮಿ ಮಾಡಿ, ಆದರೆ ತುಂಬಿದ ಪ್ರತಿ ಸೀಟಿಗೂ ಸಂಬಳ ಕೊಡಿ. ಪ್ರಯೋಗಾಲಯ ವಿಜ್ಞಾನಗಳ 500 ಮಂದಿಗೆ ತಿಂಗಳಿಗೆ 25,000 ಕೊಟ್ಟರೆ ವರ್ಷಕ್ಕೆ 15 ಕೋಟಿ. ಕರ್ನಾಟಕದ 2025-26ರ ಬಜೆಟ್ 4 ಲಕ್ಷ ಕೋಟಿ ದಾಟಿದೆ. ದುಡ್ಡಿಲ್ಲ ಎಂಬ ನೆಪ ಇಲ್ಲಿ ನಿಲ್ಲದು.

ಅದು ಆಗುವವರೆಗೆ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಕೆಲವರಿಗೆ ಕಹಿಯಾಗಬಹುದು: ಫೆಲೋಶಿಪ್ ಇಲ್ಲದೆ ಸೇರಬೇಡಿ, ಮನೆ ಪಕ್ಕದ ವಿಶ್ವವಿದ್ಯಾಲಯವಾದರೂ ಸರಿ. ದುಬಾರಿ ಎಂದು ನಾವು ದೂರದಿಂದಲೇ ಕೈಮುಗಿಯುವ ಕಡೆಗಳೇ ನಿಜಕ್ಕೂ ಅಗ್ಗ. ಬೆಂಗಳೂರಿನ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಪಿಎಚ್.ಡಿ.ಗೆ ಆರಿಸಿಕೊಂಡವರನ್ನು ಬರಿಗೈಲಿ ಬಿಡುವುದಿಲ್ಲ. ಎನ್‌ಸಿಬಿಎಸ್‌ಗೆ ಟಿಐಎಫ್‌ಆರ್‌ನ ಜೀವವಿಜ್ಞಾನ ಪ್ರವೇಶ ಪರೀಕ್ಷೆ ಬೇರೆಯೇ ಇದೆ. ನೆಟ್ ಒಂದನ್ನೇ ನಂಬಿ ಕೂರಬೇಕಿಲ್ಲ. ಜೈವಿಕ ತಂತ್ರಜ್ಞಾನ ಇಲಾಖೆಯ ಬಿಇಟಿ, ಗೇಟ್ ಎರಡನ್ನೂ ಬರೆಯಿರಿ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲ ರ‍್ಯಾಂಕ್ ಬಂದರೆ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ದಾವಣಗೆರೆ, ಕುವೆಂಪು ವಿಶ್ವವಿದ್ಯಾಲಯಗಳ ರ‍್ಯಾಂಕಿಗೂ ಅಲ್ಲಿ ಬೆಲೆ ಇದೆ. ಸಾಲ ಮಾಡಿ ಅಮೆರಿಕಕ್ಕೆ ಕಳಿಸುವ ಯೋಚನೆಯಂತೂ ಬೇಡ. ಅಲ್ಲಿ ಒಳ್ಳೆಯ ಜೀವವಿಜ್ಞಾನ ವಿಭಾಗಗಳು ಫೀಸು ಮನ್ನಾ ಮಾಡಿ ತಾವೇ ಸಂಬಳ ಕೊಡುತ್ತವೆ. ಆದರೆ ಅಲ್ಲಿನ ಕೇಂದ್ರ ಸರ್ಕಾರದ ಅನುದಾನಕ್ಕೆ ಕತ್ತರಿ ಬಿದ್ದ 2025ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ವೈದ್ಯಕೀಯ ಕಾಲೇಜು ಕೊಟ್ಟ ಪ್ರವೇಶವನ್ನೇ ವಾಪಸ್ ಪಡೆಯಿತು.

ಹೀಗೆ ಹೇಳಿದರೆ ತೊಳಹುಣಸೆ ಖಾಲಿಯಾಗುತ್ತದಲ್ಲ ಎಂದು ಕೇಳುವವರಿಗೆ ನನ್ನ ಉತ್ತರ: ಆಗಲಿ. ನಮ್ಮ ತೋಟಗಳಲ್ಲಿ ಅಡಿಕೆ ಮರದ ಬುಡ ಕೊಳೆಸುವ ಅಣಬೆ ರೋಗದ ಶಿಲೀಂಧ್ರವನ್ನು ಅಣುಮಟ್ಟದಲ್ಲಿ ಓದಲು ಇದಕ್ಕಿಂತ ಹತ್ತಿರದ ಜಾಗ ಇಲ್ಲ, ಅದು ನನಗೂ ಗೊತ್ತು. ಆ ಕೆಲಸ ಇಲ್ಲಿಯೇ ಆಗಬೇಕೆಂಬ ಆಸೆ ಶಾಸಕರಿಗೆ, ಕುಲಪತಿಗಳಿಗೆ ಇದ್ದರೆ ಮುಂದಿನ ಬಜೆಟ್ಟಿನಲ್ಲಿ ಅದಕ್ಕೆ ಸಂಬಳ ಇಡಲಿ. ಸಂಶೋಧಕಿಯ ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ರಾಜ್ಯದ ಸಂಶೋಧನೆ ನಡೆಯಬೇಕೆಂದು ಯಾವ ಕಾನೂನೂ ಹೇಳಿಲ್ಲ.