ಹಿಮದ ನಾಡಿನಲ್ಲಿ ಒಂದು ಮನೆತನದ ವಿಮಾನ

ವಿಮಾನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಮಹಾನಗರಗಳ ವೈಭವ. ವಿಶಾಲವಾದ ನಿಲ್ದಾಣ, ಸಾಲು ದೀಪಗಳು, ಅವಸರದ ಪ್ರಯಾಣಿಕರು. ಆದರೆ ನೆಲದ ಮೇಲೆ ದಾರಿಯೇ ಇಲ್ಲದ ಊರುಗಳೂ ಲೋಕದಲ್ಲಿ ಉಂಟು. ಅಲ್ಲಿಯವರಿಗೆ ಸಂತೆಯ ಗಾಡಿಯೂ ವಿಮಾನವೇ, ಅಂಚೆಯವನ ಚೀಲವೂ ವಿಮಾನವೇ, ರೋಗಿಯನ್ನು ವೈದ್ಯನಲ್ಲಿಗೆ ಸಾಗಿಸುವ ಡೋಲಿಯೂ ಅದೇ. ಇಂತಹ ವಿಮಾನಗಳನ್ನು ಅನೇಕ ಕಡೆಗಳಲ್ಲಿ ನಡೆಯಿಸಿಕೊಂಡು ಬಂದಿರುವವರು ಕೋಟ್ಯಧೀಶರ ಸಂಸ್ಥೆಗಳವರಲ್ಲ. ಅಣ್ಣತಮ್ಮಂದಿರು, ಗಂಡಹೆಂಡಿರು, ಮಕ್ಕಳು ಕೂಡಿ ಮಾಡುವ ಮನೆತನದ ಕಸಬಾಗಿ ಅದು ಬೆಳೆದಿದೆ. ಈ ತಿಂಗಳು ಆ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಅಪೇಕ್ಷೆ.

ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ಅಲಾಸ್ಕ ಸೀಮೆಯು ಉತ್ತರ ಧ್ರುವದ ಕಡೆಗೆ ಚಾಚಿಕೊಂಡಿರುವ ಹಿಮದ ನಾಡು. ವಿಸ್ತಾರದಲ್ಲಿ ಅದು ನಮ್ಮ ಭಾರತದ ಅರ್ಧಕ್ಕಿಂತಲೂ ತುಸು ಹಿರಿದು. ಜನಸಂಖ್ಯೆಯಾದರೋ ಎಂಟು ಲಕ್ಷವನ್ನೂ ಮುಟ್ಟದು. ಅಲ್ಲಿಯ ಹತ್ತು ಊರುಗಳಲ್ಲಿ ಎಂಟು ಊರುಗಳಿಗೆ ಹೊರಗಿನಿಂದ ಬರುವ ರಸ್ತೆಯಿಲ್ಲ. ಪಶ್ಚಿಮದ ಕಡಲ ತೀರದಲ್ಲಿ ನೋಮ್ ಎಂಬ ಸಣ್ಣ ಪಟ್ಟಣವಿದೆ. ಸುತ್ತಮುತ್ತ ಕೆಲವು ಮೈಲಿಗಳವರೆಗೆ ಮಾತ್ರ ಹೋಗುವ ರಸ್ತೆಗಳು ಅಲ್ಲಿ ಉಂಟು; ಬೇರೆ ಯಾವ ಪಟ್ಟಣಕ್ಕೂ ಅವು ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಎದುರಿನ ಸಮುದ್ರವೂ ಹೆಪ್ಪುಗಟ್ಟಿ ಹಡಗುಗಳ ಸಂಚಾರ ನಿಂತುಹೋಗುತ್ತದೆ.

ಈ ಒಂಟಿತನದ ಅರ್ಥವೇನೆಂಬುದು 1925ರ ಜನವರಿಯಲ್ಲಿ ಲೋಕಕ್ಕೆಲ್ಲ ತಿಳಿಯಿತು. ನೋಮ್ ಪಟ್ಟಣದ ಮಕ್ಕಳಲ್ಲಿ ಗಂಟಲಮಾರಿ ಕಾಣಿಸಿಕೊಂಡಿತು. ಅದಕ್ಕೆ ಬೇಕಾದ ಸೀರಮ್ ಎಂಬ ಮದ್ದು ಊರಿನಲ್ಲಿ ಸಾಲದಾಗಿತ್ತು. ದೂರದಿಂದ ತರಿಸಿದ ಮದ್ದು ರೈಲಿನಲ್ಲಿ ನೆನಾನಾ ಎಂಬ ಊರಿನವರೆಗೆ ಬಂದಿತು. ಅಲ್ಲಿಂದಾಚೆಗೆ ಉಳಿದದ್ದು 674 ಮೈಲಿಗಳ ಹಿಮದ ಹಾದಿ. ವಿಮಾನದಲ್ಲಿ ಕಳುಹಿಸಬಹುದೆ ಎಂದು ಯೋಚಿಸಿದರು. ಆದರೆ ಆಗ ಅಲ್ಲಿದ್ದ ವಿಮಾನಗಳು ಚಾಲಕನ ತಲೆಯ ಮೇಲೆ ಸೂರಿಲ್ಲದಂಥವು. ಚಳಿಗಾಲಕ್ಕೆಂದು ಅವನ್ನು ಬಿಚ್ಚಿ ಇಟ್ಟಿದ್ದರು. ಕೊನೆಗೆ ನಾಯಿಗಳು ಎಳೆಯುವ ಜಾರುಬಂಡಿಗಳೇ ಗತಿಯಾದವು. ಸುಮಾರು ಇಪ್ಪತ್ತು ಮಂದಿ ಬಂಡಿಯವರು ಒಬ್ಬರಿಂದೊಬ್ಬರು ಮದ್ದಿನ ಪೆಟ್ಟಿಗೆಯನ್ನು ಕೈಗೆ ಪಡೆದುಕೊಳ್ಳುತ್ತ, ಸಾಧಾರಣವಾಗಿ ಅಂಚೆಗೆ ಇಪ್ಪತ್ತೈದು ದಿನ ಹಿಡಿಯುತ್ತಿದ್ದ ಆ ದಾರಿಯನ್ನು ಐದೂವರೆ ದಿನಗಳಲ್ಲಿ ಕಳೆದು, ಫೆಬ್ರವರಿ 2ರಂದು ನೋಮ್ ಸೇರಿದರು. ಮಕ್ಕಳು ಉಳಿದರು. ಆದರೆ ಪ್ರತಿ ಸಲವೂ ಇಂತಹ ಸಾಹಸವನ್ನು ನೆಚ್ಚಿ ಸಂಸಾರ ಹೂಡುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ವೀನ್ ಎಂಬ ಮನೆತನದವರು ಮೊದಲಿಗರು. ಅವರಲ್ಲಿ ನೋಯಲ್ ವೀನ್ ಅಮೆರಿಕದ ಮಿನ್ನೆಸೋಟ ಸೀಮೆಯಲ್ಲಿ ಬೆಳೆದವನು. 1924ರಲ್ಲಿ ಅಲಾಸ್ಕಕ್ಕೆ ಬಂದು, ಆ ಬೇಸಗೆಯಲ್ಲಿಯೇ ಆಂಕರೇಜ್ ಪಟ್ಟಣದಿಂದ ಫೇರ್‌ಬ್ಯಾಂಕ್ಸ್ ಪಟ್ಟಣಕ್ಕೆ ಮೊತ್ತಮೊದಲಿಗೆ ವಿಮಾನದಲ್ಲಿ ಹಾರಿದನು. ಸೋದರನಾದ ರಾಲ್ಫ್ ಯಂತ್ರದ ಕೆಲಸ ಬಲ್ಲವನಾಗಿ ಅವನ ಜೊತೆಗೂಡಿದನು. 1927ರಲ್ಲಿ ಅವರು ನೋಮ್ ಪಟ್ಟಣದಲ್ಲಿ ತಮ್ಮದೇ ವಿಮಾನ ಸಂಸ್ಥೆಯನ್ನು ಆರಂಭಿಸಿದರು. ಧ್ರುವಪ್ರದೇಶವನ್ನು ಶೋಧಿಸುತ್ತಿದ್ದ ಹ್ಯೂಬರ್ಟ್ ವಿಲ್ಕಿನ್ಸ್‌ರವರ ತಂಡದಿಂದ, ಒಳಗೆ ಕುಳಿತುಕೊಳ್ಳಲು ಮುಚ್ಚಿದ ಕೋಣೆಯುಳ್ಳ ಒಂದು ವಿಮಾನವನ್ನು ಕೊಂಡರು. ನಾಯಿಬಂಡಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ಫೇರ್‌ಬ್ಯಾಂಕ್ಸಿನ ಪ್ರಯಾಣವು ಹೀಗೆ ಒಂದು ಹಗಲಿನ ಕೆಲಸವಾಯಿತು. ಮದ್ದಿನ ಪೆಟ್ಟಿಗೆ ಜಾರುಬಂಡಿಯಲ್ಲಿ ಬಂದು ಆಗ ಕೇವಲ ಎರಡು ವರ್ಷಗಳಾಗಿದ್ದುವೆಂಬುದನ್ನು ವಾಚಕರು ಗಮನಿಸಬೇಕು.

ಆ ಕಾಲದ ವೈಮಾನಿಕನ ದಿನಚರಿಯನ್ನು ಕೇಳಿದರೆ ಗೃಹಿಣಿಯರಿಗೆ ತಮ್ಮ ಒಲೆಯ ನೆನಪಾದೀತು. ಸಂಜೆ ವಿಮಾನ ಇಳಿದೊಡನೆ ಯಂತ್ರದೊಳಗಿನ ಎಣ್ಣೆಯನ್ನು ಡಬ್ಬಿಗೆ ಬಸಿದುಕೊಂಡು ಮನೆಯೊಳಗೆ ತಂದು ಇಡಬೇಕು. ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಅದು ಗಟ್ಟಿಯಾಗಿಬಿಡುತ್ತದೆ. ಬೆಳಗ್ಗೆ ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಬೇಕು. ಯಂತ್ರಕ್ಕೆ ಕ್ಯಾನ್ವಾಸ್ ಬಟ್ಟೆಯ ಮುಸುಕು ಹಾಕಿ, ಅದರ ಅಡಿಯಲ್ಲಿ ಬೆಂಕಿಯಿಟ್ಟು ಶಾಖ ಕೊಡಬೇಕು. ಬೆಂಕಿ ಮುಸುಕಿಗೆ ಹತ್ತದಂತೆ ಪಕ್ಕದಲ್ಲಿಯೇ ಕಾವಲು ಕೂರಬೇಕು. ಚಳಿಗಾಲದಲ್ಲಿ ಗಾಲಿಗಳನ್ನು ತೆಗೆದು, ಹಿಮದ ಮೇಲೆ ಜಾರುವ ಉದ್ದನೆಯ ಹಲಗೆಗಳನ್ನು ಕಟ್ಟುವರು. ಬೇಸಗೆಯಲ್ಲಿ ಕೆರೆ ಹೊಳೆಗಳ ಮೇಲೆ ಇಳಿಯಬೇಕಾದರೆ ದೋಣಿಯಂತಹ ಕಾಲುಗಳು. ಮಂಜುಗಡ್ಡೆ ಒಡೆಯುವ ಮತ್ತು ಕಟ್ಟುವ ವಾರಗಳಲ್ಲಿ ಹೊಳೆಯ ಮೇಲೆ ಇವೆರಡೂ ನಡೆಯವು. ಆಗ ಊರೆಲ್ಲ ಕಾದು ಕುಳಿತಿರಬೇಕು.

ಆ ಮನೆತನಕ್ಕೆ ಈ ಕಸಬು ಅಗ್ಗವಾಗಿ ಒದಗಲಿಲ್ಲ. 1929ರಲ್ಲಿ ಅಣ್ಣತಮ್ಮಂದಿರು ತಮ್ಮ ಸಂಸ್ಥೆಯನ್ನು ಇನ್ನೊಂದು ದೊಡ್ಡ ಸಂಸ್ಥೆಗೆ ಮಾರಿದರು. ಮರುವರ್ಷ ಅಕ್ಟೋಬರ್ 12ರಂದು, ಕಾಟ್ಸೆಬ್ಯೂ ಎಂಬ ಊರಿನಲ್ಲಿ ಕ್ರೈಸ್ತ ಪಾದ್ರಿಗಳ ವಿಮಾನವನ್ನು ನಡೆಯಿಸುತ್ತಿದ್ದ ರಾಲ್ಫ್, ವಿಮಾನ ಕೆಳಗೆ ಬಿದ್ದು, ಇಬ್ಬರು ಪಾದ್ರಿಗಳೊಡನೆ ಮರಣ ಹೊಂದಿದನು. ಇಂದಿಗೂ ಆ ಊರಿನ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರಿದೆ. ಒಬ್ಬ ಸೋದರನನ್ನು ಕಳೆದುಕೊಂಡ ಮನೆಯವರು ಆ ಕೆಲಸವನ್ನೇ ತೊರೆದಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ನೋಯಲ್ ಹಾರುವುದನ್ನು ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ವೀನ್ ಹೆಸರಿನ ಸಂಸ್ಥೆ ಮರಳಿ ಎದ್ದಿತು. ಫ್ರಿಟ್ಸ್, ಸಿಗರ್ಡ್ ಎಂಬ ಇನ್ನಿಬ್ಬರು ಸೋದರರೂ ಅದರಲ್ಲಿ ದುಡಿದರು. ಸಿಗರ್ಡ್ ಬಹುಕಾಲ ಅದರ ಯಜಮಾನಿಕೆಯನ್ನು ಹೊತ್ತನು. 1968ರಲ್ಲಿ ಅದು ಬೇರೊಂದು ಸಂಸ್ಥೆಯೊಡನೆ ಕೂಡಿಕೊಂಡು ದೊಡ್ಡದಾಯಿತು; ದೊಡ್ಡದಾಗುತ್ತ ಮನೆತನದ ಕೈಯಿಂದ ಜಾರಿತು. 1977ರಲ್ಲಿ ನೋಯಲ್ ತೀರಿಕೊಂಡನು. 1980ರ ದಶಕದ ನಡುವೆ ಆ ಸಂಸ್ಥೆಯೂ ಮುಚ್ಚಿಹೋಯಿತು.

ಸಂಸ್ಥೆ ಅಳಿದರೂ ಊರುಗಳ ಅಗತ್ಯ ಅಳಿಯುವುದಿಲ್ಲವಷ್ಟೆ. ನೋಮ್ ಪಟ್ಟಣದಲ್ಲಿಯೇ 1979ರಲ್ಲಿ ಜಿಮ್ ರೋ ಎಂಬವರು ಬೇರಿಂಗ್ ಏರ್ ಎಂಬ ಸಂಸ್ಥೆಯನ್ನು ಹೂಡಿದರು. ಅದೂ ಮನೆತನದ ಉದ್ಯಮವೇ. ಸುತ್ತಲಿನ ಸುಮಾರು 30 ಹಳ್ಳಿಗಳಿಗೆ ಅದರ ವಿಮಾನಗಳು ಹೋಗಿಬರುತ್ತವೆ. ಅವುಗಳಲ್ಲಿ ಹಲವು ಒಂದೇ ಯಂತ್ರದವು, ಒಂಬತ್ತು ಮಂದಿ ಪ್ರಯಾಣಿಕರು ಕುಳಿತುಕೊಳ್ಳುವಂಥವು. ಹತ್ತುವ ಮುನ್ನ ಪ್ರಯಾಣಿಕನು ತನ್ನ ಗಂಟುಮೂಟೆಗಳ ತೂಕದ ಜೊತೆಗೆ ತನ್ನ ಮೈತೂಕವನ್ನೂ ಹೇಳಬೇಕು. ಹಾಲಿನ ಪುಡಿ, ಮಕ್ಕಳ ಬಟ್ಟೆ, ಯಂತ್ರದ ಬಿಡಿಭಾಗ, ಮದುವೆಯ ಉಡುಗೊರೆ ಇವೆಲ್ಲ ಅದರಲ್ಲಿಯೇ ಬರಬೇಕು. ಆ ಹಳ್ಳಿಗಳ ಬಸುರಿಯರು ಹೆರಿಗೆಯ ದಿನಕ್ಕೆ ಕೆಲವು ವಾರ ಮುಂಚಿತವಾಗಿಯೇ ಮನೆಮಕ್ಕಳನ್ನು ಬಿಟ್ಟು, ಆಸ್ಪತ್ರೆಯಿರುವ ಪಟ್ಟಣಕ್ಕೆ ಹಾರಿಹೋಗಿ ಅಲ್ಲಿ ಕಾಯುವರು. ಹೆತ್ತ ತಾಯಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಹಿಂದಿರುಗುವುದೂ ಅದೇ ವಿಮಾನದಲ್ಲಿ. ಪಟ್ಟಣದಲ್ಲಿ ತೀರಿಕೊಂಡ ಹಿರಿಯರು ತಮ್ಮೂರಿನ ಮಣ್ಣನ್ನು ಸೇರಲು ಬರುವುದೂ ಅದರಲ್ಲಿಯೇ.

ಇಷ್ಟು ಸ್ವಲ್ಪ ಜನರಿಗೆ ಇಷ್ಟು ದುಬಾರಿಯ ಸೇವೆ ಹೇಗೆ ನಡೆದೀತೆಂದು ಲೆಕ್ಕ ಬಲ್ಲ ವಾಚಕರು ಕೇಳಬಹುದು. ಪ್ರಯಾಣಿಕರ ಕಾಸಿನಿಂದಲೇ ನಡೆಯುವುದಿಲ್ಲವೆಂಬುದೇ ನಿಜ. ಅಮೆರಿಕದ ಸರ್ಕಾರವು 1978ರಲ್ಲಿ ವಿಮಾನ ವ್ಯಾಪಾರದ ಮೇಲಿನ ಹತೋಟಿಯನ್ನು ಸಡಿಲಿಸಿದಾಗ, ಸಣ್ಣ ಊರುಗಳ ಸೇವೆ ನಿಂತುಹೋಗದಂತೆ ಸಹಾಯಧನದ ಏರ್ಪಾಡನ್ನೂ ಮಾಡಿತು. ಅಲಾಸ್ಕದಲ್ಲಿ ಇನ್ನೊಂದು ವಿಶೇಷ ಪದ್ಧತಿಯುಂಟು. ಕನಿಷ್ಠ ಒಂದು ಸಾವಿರ ಪೌಂಡು ತೂಕದ ದಿನಸಿಯನ್ನು ಹಳ್ಳಿಯ ಅಂಗಡಿಯವನು ತರಿಸಿದರೆ, ಅದು ಅಂಚೆ ಕಚೇರಿಯೊಳಕ್ಕೆ ಹೋಗದೆಯೇ ನೇರವಾಗಿ ವಿಮಾನವೇರುತ್ತದೆ. ಬಾಡಿಗೆ ಮಾತ್ರ ಅಂಚೆಯ ಪಾರ್ಸೆಲ್ಲಿನ ದರದ್ದು. ಮಿಕ್ಕ ವೆಚ್ಚವನ್ನು ಅಂಚೆ ಇಲಾಖೆ ಹೊರುತ್ತದೆ. ಹಳ್ಳಿಯ ಮನೆಯಾಕೆ ಮಗುವಿಗೆ ಹಾಲು ಕಲಸುವಾಗ ಆ ಲೋಟದಲ್ಲಿ ದೂರದೂರಿನವರ ಪಾಲೂ ಇರುತ್ತದೆ. ಇದನ್ನು ದಾನವೆಂದು ನಾವು ಕರೆಯಲಾರೆವು. ಒಂದೇ ರಾಜ್ಯದಲ್ಲಿ ಒಕ್ಕಲಿರುವವರು ಒಬ್ಬರಿಗೊಬ್ಬರು ಸಲ್ಲಿಸುವ ಋಣವೆನ್ನುವುದು ಸರಿಯಾದೀತು.

ವಿಸ್ತಾರವಾಗಿ ಬೆಳೆದ ಸಂಸ್ಥೆಯೇ ಭದ್ರವೆಂದು ನಂಬುವವರಿಗೆ 2020ರ ಏಪ್ರಿಲ್ ತಿಂಗಳು ಪಾಠ ಕಲಿಸಿತು. ಹಲವು ಸಣ್ಣ ಸಂಸ್ಥೆಗಳು ಕೂಡಿ ಬೆಳೆದಿದ್ದ ರೇವನ್‌ಏರ್ ಎಂಬ ದೊಡ್ಡ ಸಂಸ್ಥೆಯು ಅಲಾಸ್ಕದ ನೂರಕ್ಕೂ ಮಿಕ್ಕ ಊರುಗಳಿಗೆ ಸೇವೆ ಸಲ್ಲಿಸುತ್ತಿದ್ದಿತು. ಕೋವಿಡ್ ರೋಗದ ಭಯದಿಂದ ಪ್ರಯಾಣಿಕರು ಇಲ್ಲವಾದಾಗ ಅದು ದಿವಾಳಿಯನ್ನು ಸಾರಿ, ತನ್ನ ವಿಮಾನಗಳನ್ನೆಲ್ಲ ಒಮ್ಮೆಗೇ ನಿಲ್ಲಿಸಿತು. ಆಗ ಹಳ್ಳಿಗಳಿಗೆ ಅಂಚೆಯನ್ನೂ ದಿನಸಿಯನ್ನೂ ಮುಟ್ಟಿಸಲು ಮುಂದೆ ಬಂದವರು ಉಳಿದ ಚಿಕ್ಕ ಸಂಸ್ಥೆಗಳವರು. ತಮ್ಮ ಊರಿನಲ್ಲಿಯೇ ಬಾಳಬೇಕಾದವರಿಗೆ ಬಾಗಿಲು ಮುಚ್ಚಿ ಹೊರಟುಹೋಗುವುದು ಸುಲಭವಲ್ಲ.

ಆದರೆ ಮನೆತನದ ಗುಣವನ್ನು ಹೊಗಳುವ ಉತ್ಸಾಹದಲ್ಲಿ ಅದರ ಅಪಾಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಪ್ರಯಾಣಿಕರೆಲ್ಲ ಪರಿಚಿತರಾಗಿರುವಲ್ಲಿ ಚಾಲಕನಿಗೆ 'ಈ ಹೊತ್ತು ಆಗದು' ಎನ್ನುವುದು ಕಷ್ಟವಾಗುತ್ತದೆ. ಒಬ್ಬನ ತಾಯಿಗೆ ಕಾಯಿಲೆ. ಇನ್ನೊಬ್ಬನು ಮಗನ ಮದುವೆಗೆ ಹೋಗಬೇಕಾದವನು. ಹಳ್ಳಿಯ ಅಂಗಡಿಯಲ್ಲಿ ಹಿಟ್ಟು ಮುಗಿದಿದೆ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯು 1980ರಲ್ಲಿ ಅಲಾಸ್ಕದ ಸಣ್ಣ ವಿಮಾನಗಳ ಅಪಘಾತಗಳನ್ನು ಕುರಿತು ವಿಚಾರಣೆ ಮಾಡಿ, ಅಪಾಯವನ್ನು ಲಘುವಾಗಿ ಎಣಿಸಿ ಹೊರಟುಬಿಡುವ ಅಭ್ಯಾಸವು ಅಲ್ಲಿ ಬೇರೂರಿದೆಯೆಂದೂ, ಚಾಲಕರ ಮೇಲೆ ಪ್ರಯಾಣಿಕರ ಒತ್ತಾಯವೂ ಬೀಳುತ್ತದೆಂದೂ ತಿಳಿಸಿತು. ಅದೊಂದು ಕಾಯಿಲೆಯೋ ಎಂಬಂತೆ ಅದಕ್ಕೊಂದು ಹೆಸರೂ ಬಂದಿತು.

2025ರ ಫೆಬ್ರವರಿ 6ರಂದು ಬೇರಿಂಗ್ ಏರ್ ಸಂಸ್ಥೆಯ ಒಂದು ವಿಮಾನ ಉನಲಕ್ಲೀಟ್ ಎಂಬ ಹಳ್ಳಿಯಿಂದ ನೋಮ್ ಪಟ್ಟಣಕ್ಕೆ ಹೊರಟು, ಊರು ಸೇರಲಿಲ್ಲ. ಮರುದಿನ ಸಮುದ್ರದ ಮಂಜುಗಡ್ಡೆಯ ಮೇಲೆ ಅದು ಒಡೆದು ಬಿದ್ದಿರುವುದು ಕಂಡಿತು. ಅದರಲ್ಲಿದ್ದ ಹತ್ತು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಇಬ್ಬರು ಹಳ್ಳಿಯ ನೀರಿನ ಸ್ಥಾವರದ ದುರಸ್ತಿಗೆ ಹೋಗಿದ್ದವರು. ಸುರಕ್ಷತಾ ಮಂಡಲಿಯ ಪ್ರಾಥಮಿಕ ವರದಿಯ ಪ್ರಕಾರ, ರೆಕ್ಕೆಗಳ ಮೇಲೆ ಹಿಮ ಕಟ್ಟಬಹುದಾದ ಹವೆಯಲ್ಲಿ ಹಾರಲು ವಿಧಿಸಿದ ಮಿತಿಗಿಂತ ಆ ವಿಮಾನದ ಭಾರ ಸುಮಾರು ಒಂದು ಸಾವಿರ ಪೌಂಡು ಹೆಚ್ಚಾಗಿದ್ದಿತು. ಪ್ರಾಥಮಿಕ ವರದಿಯು ಅಪರಾಧದ ತೀರ್ಪಲ್ಲ. ಹಿಮ ಕಟ್ಟಿದರೆ ರೆಕ್ಕೆಯ ಆಕಾರ ಕೆಟ್ಟು, ವಿಮಾನವನ್ನು ಎತ್ತಿಹಿಡಿಯುವ ಅದರ ಶಕ್ತಿ ಕುಗ್ಗುತ್ತದೆ. ಆದುದರಿಂದ ಅಂತಹ ಹವೆಯಲ್ಲಿ ಹೊರಡುವವರು ಭಾರವನ್ನು ಇನ್ನೂ ಕಡಿಮೆ ಮಾಡಬೇಕೆಂಬುದು ನಿಯಮದ ತಾತ್ಪರ್ಯ. ಒಂದು ಹಳ್ಳಿಗೆ ನೀರು ಕೊಡಲು ಹೋದವರು ಹಿಂದಿರುಗಲಿಲ್ಲವೆಂಬುದನ್ನು ಕೇಳಿದಾಗ ಯಾರ ಮನಸ್ಸು ತಾನೆ ಕರಗದು?

ಪರಿಹಾರಗಳೂ ಬಂದಿವೆ. 1999ರಿಂದ ಈಚೆಗೆ ಅಲಾಸ್ಕದ ಕಣಿವೆಗಳಲ್ಲಿಯೂ ಕಡಲ ತೀರಗಳಲ್ಲಿಯೂ ಕ್ಯಾಮೆರಾಗಳನ್ನು ನಿಲ್ಲಿಸುತ್ತ ಬಂದಿದ್ದಾರೆ. ಅಂಥವು ಈಗ ಇನ್ನೂರಕ್ಕೂ ಮಿಕ್ಕ ಸ್ಥಳಗಳಲ್ಲಿವೆ. ಹೊರಡುವ ಮೊದಲೇ ಮುಂದಿನ ಕಣಿವೆಯ ಮೋಡವನ್ನು ಚಾಲಕನು ಕಣ್ಣಾರೆ ನೋಡಬಹುದು. ಆದರೆ ನೋಡಿದ ಮೇಲೆ ನಿಲ್ಲುವ ನಿರ್ಧಾರವನ್ನು ಯಾವ ಯಂತ್ರವೂ ಮಾಡಿಕೊಡಲಾರದು. ಮನೆತನದ ಹೆಸರಿಗೆ ಬೆಲೆ ಬರುವುದು ಅಲ್ಲಿಯೇ ಎಂದು ನಮಗೆ ತೋರುತ್ತದೆ. ಬಾಡಿಗೆ ತಪ್ಪಿದರೂ ಚಿಂತೆಯಿಲ್ಲ, ನೆರೆಯವನು ಮುನಿದರೂ ಚಿಂತೆಯಿಲ್ಲ, ಈ ಹೊತ್ತು ವಿಮಾನ ಏಳದೆಂದು ಹೇಳುವ ಯಜಮಾನನ ಬೆನ್ನ ಹಿಂದೆ ಅವನ ಮನೆಯವರು ನಿಲ್ಲಬೇಕು.

ಪ್ರಯಾಣಿಕನ ಪಾಲಿನ ಕರ್ತವ್ಯವೂ ಒಂದುಂಟು. ದೋಣಿಯಾಗಲಿ, ಬಸ್ಸಾಗಲಿ, ವಿಮಾನವಾಗಲಿ, ನಡೆಯಿಸುವವನು 'ಬೇಡ' ಎಂದಾಗ ನಾವು ಗಡಿಯಾರ ತೋರಿಸಿ ಸಿಡುಕಬಾರದು. ನಮ್ಮ ಅವಸರದ ಕಥೆಯನ್ನು ಹೇಳಿ ಅವನ ಮನಸ್ಸನ್ನು ಮೆತ್ತಗೆ ಮಾಡಬಾರದು. ಇನ್ನೊಂದು ಮೂಟೆಯನ್ನು ಹೇಗಾದರೂ ತುರುಕೆಂದು ಕಾಡಬಾರದು. ಮನೆಯಿಂದ ಹೊರಡುವವರಿಗೆ 'ಬೇಗ ಬಾ' ಎಂದು ಹೇಳುವ ರೂಢಿ ಅನೇಕರಲ್ಲಿದೆ. 'ತಡವಾದರೂ ಸರಿ, ಹವೆ ನೋಡಿಕೊಂಡು ಬಾ' ಎಂದು ಹೇಳುವ ಅಭ್ಯಾಸವನ್ನು ನಮ್ಮ ಗೃಹಸ್ಥರೂ ಗೃಹಿಣಿಯರೂ ಇಟ್ಟುಕೊಳ್ಳುವುದು ಲೇಸು.